ಒಂದೇ ಕೈಗೆ ಒಗ್ಗುವ ಜಾಕ್

ಉದ್ಯಾವರದ ಇಗರ್ಜಿಯ ಅಂಗಳದಲ್ಲಿ, ಮಣ್ಣು ಕೊಟ್ಟು ಬಂದು ಎಲ್ಲರೂ ನಳ್ಳಿಯ ಹತ್ತಿರ ಕೈ ತೊಳೆದುಕೊಳ್ಳುತ್ತಿದ್ದಾಗ, ಬಿಳಿ ಅಂಗಿ ತೊಟ್ಟ ಹಿರಿಯರೊಬ್ಬರು ನನ್ನ ಪಕ್ಕಕ್ಕೆ ಬಂದು ಕೇಳಿದರು:

"ನೀವು ಅವರಿಗೆ ಎಂತ ಆಗಬೇಕು?"

"ಬಾಡಿಗೆಯವನು" ಎಂದೆ. ಹೇಳಿದ ಕೂಡಲೇ ಅದು ಸಾಲದು ಅನ್ನಿಸಿತು. "ಪರ್ಕಳದಲ್ಲಿ ಅವರ ಮಾಳಿಗೆಯ ಮೇಲೆ ಇರುವುದು" ಎಂದು ಸೇರಿಸಿದೆ. ಅದೂ ಸಾಲಲಿಲ್ಲ. ಸ್ನೇಹಿತ ಎನ್ನೋಣವೆಂದರೆ ನಾವು ಒಂದು ದಿನವಾದರೂ ಮನಸ್ಸು ಬಿಚ್ಚಿ ಮಾತಾಡಿದವರಲ್ಲ. ಅವರ ಎಳವೆಯ ಕತೆ ನನಗೆ ಗೊತ್ತಿಲ್ಲ. ನನ್ನ ಕಷ್ಟಸುಖ ಅವರು ವಿಚಾರಿಸಿದವರಲ್ಲ. ನಮ್ಮ ನಡುವೆ ಇದ್ದದ್ದು ಒಂದು ಹಳೆಯ ಮೋಟಾರ್ ಸೈಕಲ್, ಮತ್ತು ಅದನ್ನು ಮನೆಯಂಗಳದಲ್ಲಿ ಎತ್ತಿ ನಿಲ್ಲಿಸಲು ಯಾವ ಜಾಕ್ ಒಳ್ಳೆಯದು ಎಂಬ ಪ್ರಶ್ನೆ. ಆ ಪ್ರಶ್ನೆಯ ಹಿಂದೆ ನಾವಿಬ್ಬರು ಒಂದು ವರ್ಷದ ಹತ್ತಿರ ಹತ್ತಿರ ಅಲೆದಿದ್ದೇವೆ. ಇದನ್ನೆಲ್ಲ ಆ ಹಿರಿಯರಿಗೆ ಹೇಗೆ ಹೇಳುವುದು? ಅವರು ಸ್ವಲ್ಪ ಕಾದು, ತಲೆಯಾಡಿಸಿ, ಆಚೆ ಹೋದರು.

ಬರೆದರೆ ತಿಳಿಯಾದೀತೋ ಎಂದು ಈಗ ಬರೆಯಲು ಕೂತಿದ್ದೇನೆ. ತಿಳಿಯಾಗುತ್ತದೆಂಬ ಭರವಸೆಯೇನೂ ಇಲ್ಲ.

ಕ್ರೈಸ್ತ ಗೃಹಸ್ಥರನ್ನು ನಮ್ಮ ಕಡೆ ಮರ್ಯಾದೆಯಿಂದ ‘ಪೊರ್ಬುಗಳು’ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಅಂಥ ಮನೆಗಳು ಇನ್ನೂ ಇವೆ. ಆದರೆ ಹಾಲಿನವನಿಂದ ಹಿಡಿದು ಕರೆಂಟು ಬಿಲ್ಲಿನವನವರೆಗೆ ಯಾರು ‘ಪೊರ್ಬುಗಳು’ ಎಂದರೂ ಅದು ಇವರೇ. ನಾನೂ ಹಾಗೇ ಕರೆದೆ. ಅವರ ಹೆಂಡತಿ ಐರಿನ್ ಬಾಯಿ, ಎಲ್ಲರ ಬಾಯಲ್ಲಿ ಬರಿಯ ‘ಬಾಯಿ’. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವನಾದ್ದರಿಂದ ಆ ಇಬ್ಬರಿಗೂ ‘ಮಾಷ್ಟ್ರು’.

ಪೊರ್ಬುಗಳು ಎತ್ತರದ ಆಳು. ಎಡಗೈಯನ್ನು ಯಾವಾಗಲೂ ಪ್ಯಾಂಟಿನ ಜೇಬಿನಲ್ಲಿ ಇಳಿಬಿಟ್ಟು ನಿಲ್ಲುತ್ತಿದ್ದರು. ಮೊದಲ ಸಲ ಬಾಡಿಗೆ ಮನೆ ನೋಡಲು ಹೋದಾಗ, ಬಹಳ ಗತ್ತಿನ ಮನುಷ್ಯ, ಇವರೊಡನೆ ಏಗುವುದು ಕಷ್ಟ ಎಂದುಕೊಂಡಿದ್ದೆ. ಆಮೇಲೆ ಒಂದು ದಿನ, ಕುರ್ಚಿಯಿಂದ ಎದ್ದವರು ಬಲಗೈಯಿಂದ ಎಡಗೈಯನ್ನು ಎತ್ತಿ, ಮಡಚಿದ ಬಟ್ಟೆಯನ್ನು ಪೆಟ್ಟಿಗೆಗೆ ಇಡುವ ಹಾಗೆ ಜೇಬಿನೊಳಗೆ ಇಡುವುದನ್ನು ನೋಡಿದೆ. ಗಲ್ಫಿನಲ್ಲಿದ್ದಾಗ ಪಾರ್ಶ್ವವಾಯು ಬಡಿದಿತ್ತು. ಕಾಲು ಹೆಚ್ಚುಕಡಿಮೆ ಸರಿಯಾಯಿತು, ಮಾತು ಸರಿಯಾಯಿತು, ಎಡಗೈ ಮಾತ್ರ ಬರಲಿಲ್ಲ. ಹಾಗೆ ಊರಿಗೆ ಬಂದುಬಿಟ್ಟಿದ್ದರು.

ಅಲ್ಲಿ ಅವರು ಅತ್ತರಿನ ಅಂಗಡಿಯೊಂದರಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದವರು. ಅದರಿಂದ ಉಳಿದ ಒಂದು ಅಭ್ಯಾಸವಿತ್ತು: ಯಾವ ವಸ್ತು ಕೈಗೆ ಬಂದರೂ ಮೊದಲು ಮೂಗಿಗೆ ಹಿಡಿಯುವುದು. ನಾವು ಕೊಟ್ಟ ಬಾಡಿಗೆ ಕರಾರಿನ ಕಾಗದವನ್ನೂ ಮೂಸಿದ್ದರು. ಮೀನಿನವಳು ಬಂದರೆ ಓಣಿಯ ಹೆಂಗಸರೆಲ್ಲ ಅವರನ್ನು ಕರೆಯುತ್ತಿದ್ದರು. ಅವರು ಬಂಗುಡೆ ಮೀನಿನ ಕಿವಿರು ಎತ್ತಿ ನೋಡುವವರಲ್ಲ, ಒಂದಡಿ ದೂರದಿಂದಲೇ "ನಿನ್ನೆಯದು" ಎನ್ನುತ್ತಿದ್ದರು. ಹೆಜಮಾಡಿಯಿಂದ ಬರುತ್ತಿದ್ದ ಆ ಹೆಂಗಸು ಇವರ ಗೇಟು ಕಂಡರೆ ಬುಟ್ಟಿಯ ಮೇಲೆ ಬಟ್ಟೆ ಎಳೆದುಕೊಳ್ಳುತ್ತಿದ್ದಳು.

ನಾವು ಮನೆ ಹೊಕ್ಕ ಮೊದಲ ಭಾನುವಾರ ಕೆಳಗಿನಿಂದ ಕರೆ ಬಂತು.

"ಮಾಷ್ಟ್ರೇ, ಒಂದು ನಿಮಿಷ ಬರಬಹುದಾ?"

ಹೋದೆ. ಅಂಗಳದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಕಪ್ಪು ಬಣ್ಣದ ಬೈಕು ನಿಂತಿತ್ತು. ಹಳೆಯದು ಎಂದು ಆಕಾರದಿಂದ ಗೊತ್ತಾಗಬೇಕೇ ಹೊರತು ಮೈಯಿಂದಲ್ಲ, ಅಷ್ಟು ಹೊಳೆಯುತ್ತಿತ್ತು. ಅದನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಬೇಕು, ಆಗ ಹಿಂದಿನ ಚಕ್ರ ನೆಲ ಬಿಟ್ಟು ಏಳುತ್ತದೆ, ಚಕ್ರ ತಿರುಗಿಸುತ್ತ ಚೈನು ತೊಳೆಯಬಹುದು ಎಂದು ವಿವರಿಸಿದರು. ಸೆಂಟರ್ ಸ್ಟ್ಯಾಂಡಿಗೆ ಹಾಕಲು ಎರಡು ಕೈ ಬೇಕು. ಅವರದೊಂದು, ನನ್ನವು ಎರಡು, ಒಟ್ಟು ಮೂರು ಕೈಗಳಿಂದ ಜಗ್ಗಿದೆವು. ಕೊನೆಗೂ ನಿಂತಿತು.

"ಹಿಡಿದುಕೊಂಡಿರಿ" ಎಂದರು.

ನಿಂತ ಬೈಕನ್ನು ಹಿಡಿಯುವುದು ಏಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಅವರು ಗಿಡ್ಡ ಸ್ಟೂಲಿನ ಮೇಲೆ ಕೂತು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಗೆ ಅದ್ದಿ, ಚೈನಿನ ಒಂದೊಂದೇ ಕೊಂಡಿಯನ್ನು ಉಜ್ಜಿದರು. ಆಮೇಲೆ ಎಣ್ಣೆ ಬಿಟ್ಟರು. ಎಂಜಿನ್ ಆಯಿಲಿನ ಕಡ್ಡಿ ಎಳೆದು ಮೂಸಿ, "ವಾಸನೆ ಸರಿ ಉಂಟು" ಎಂದರು. ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಆಲಿಸಿ, ನಿಲ್ಲಿಸಿದರು. ಇಬ್ಬರೂ ಸೇರಿ ಬೈಕನ್ನು ಶೆಡ್ಡಿಗೆ ದೂಡಿದೆವು. ಆ ಒಂದು ನಿಮಿಷದಲ್ಲಿ ನನ್ನ ಅರ್ಧ ಬೆಳಗು ಹೋಗಿತ್ತು, ಪಂಚೆಗೆ ಗ್ರೀಸು ಬಳಿದಿತ್ತು.

ಮುಂದಿನ ಭಾನುವಾರವೂ ಅದೇ ಕರೆ. ಅದರ ಮುಂದಿನ ಭಾನುವಾರವೂ. ಅವರು ಇಗರ್ಜಿಯಿಂದ ಬಂದು, ಬಟ್ಟೆ ಬದಲಿಸಿ, ಅಂಗಳಕ್ಕೆ ಇಳಿಯುವ ಸದ್ದು ಕೇಳಿದರೆ ನನ್ನ ಹೆಂಡತಿ ಶೋಭಾ ನಗುತ್ತ ಗ್ರೀಸಿನ ಪಂಚೆ ತಂದು ಕೊಡುತ್ತಿದ್ದಳು.

"ಗ್ಯಾರೇಜಿನವನನ್ನು ಕರೆಸಬಾರದಾ ಅವರು?" ಎಂದು ಅವಳು ಕೇಳಿದಳು. ನಾನು ಅದನ್ನೇ ಅವರಿಗೆ ದಾಟಿಸಿದೆ.

"ಅವರು ಮಾಡ್ತಾರೆ ಅಷ್ಟೆ ಮಾಷ್ಟ್ರೇ, ನೋಡುವುದಿಲ್ಲ" ಎಂದರು.

ನನಗೆ ಅರ್ಥವಾಗದ್ದು ಬೇರೆ. ಆ ಬೈಕನ್ನು ಯಾರೂ ಓಡಿಸುತ್ತಿರಲಿಲ್ಲ. ಪೊರ್ಬುಗಳ ಎಡಗೈಗೆ ಕ್ಲಚ್ ಹಿಡಿಯುವ ಶಕ್ತಿಯಿಲ್ಲ. ಬಾಯಿ ಬೈಕಿನ ಹತ್ತಿರ ಸುಳಿಯುವವರಲ್ಲ. ಮಕ್ಕಳಿಲ್ಲ. ಒಮ್ಮೆ ನಾನೇ, "ಬೇಕಾದರೆ ಮಣಿಪಾಲದವರೆಗೆ ಒಂದು ರೌಂಡು ಹಾಕಿ ಬರ್ತೇನೆ, ಬ್ಯಾಟರಿಗೂ ಒಳ್ಳೆಯದು" ಎಂದೆ. ಅವರು ಟ್ಯಾಂಕಿನ ಮೇಲೆ ಕೈಯಿಟ್ಟು ಯೋಚಿಸಿ, "ನೋಡುವ" ಎಂದರು. ‘ನೋಡುವ’ ಎಂದರೆ ಅವರ ಬಾಯಲ್ಲಿ ‘ಆಗುವುದಿಲ್ಲ’ ಎಂದರ್ಥ ಎಂದು ಅಷ್ಟರಲ್ಲಿ ನನಗೆ ತಿಳಿದಿತ್ತು.

ಹೀಗಿರುವಾಗ ಒಂದು ಭಾನುವಾರ, ಚೈನು ಒರೆಸುತ್ತ, ನನ್ನ ಮುಖ ನೋಡದೆ ಹೇಳಿದರು:

"ಒಂದು ಜಾಕ್ ತಗೊಳ್ಳುವ ಅಂತ ಉಂಟು."

"ಯಾಕೆ?"

"ನಿಮಗೆ ಪ್ರತಿ ವಾರ ತೊಂದರೆ ಆಗ್ತದೆ."

"ಎಂತ ತೊಂದರೆ ಪೊರ್ಬುಗಳೇ? ಏನೂ ಇಲ್ಲ."

"ಅಲ್ಲ, ಆಗ್ತದೆ" ಎಂದರು, ನನಗಿಂತ ಚೆನ್ನಾಗಿ ನನ್ನ ತೊಂದರೆ ಬಲ್ಲವರ ಹಾಗೆ.

ಮೇಲೆ ಬಂದು ಶೋಭಾಳಿಗೆ ಸುದ್ದಿ ಹೇಳಿದೆ. ನನಗೆ ಸಂತೋಷವಾಗಿತ್ತು, ಜೊತೆಗೆ ಎಲ್ಲೋ ಸಣ್ಣಗೆ ಚುಚ್ಚಿದಂತೆಯೂ ಆಗಿತ್ತು. ಎರಡೂ ಒಟ್ಟಿಗೆ ಹೇಗಾಗುತ್ತದೋ.

ಹಾಗೆ ಜಾಕಿನ ಹುಡುಕಾಟ ಶುರುವಾಯಿತು. ಮೊದಲಿಗೆ ಮೊಬೈಲಿನ ವಿಡಿಯೊಗಳು. ಸಂಜೆ ಶಾಲೆಯಿಂದ ಬಂದ ಮೇಲೆ ಅವರ ಜಗಲಿಯಲ್ಲಿ ಕೂತು ನೋಡುತ್ತಿದ್ದೆವು. ಒಬ್ಬ ಹಿಂದಿಯಲ್ಲಿ, ಕತ್ತರಿಯ ಹಾಗೆ ತೆರೆದುಕೊಳ್ಳುವ ಜಾಕ್ ಬಿಟ್ಟರೆ ಬೇರೆ ಇಲ್ಲವೆಂದ. ಇನ್ನೊಬ್ಬ ಮಲಯಾಳದಲ್ಲಿ, ಅದನ್ನು ಎಂಜಿನ್ನಿನ ಅಡಿಗೆ ಕೊಟ್ಟರೆ ಎಂಜಿನ್ ಒಡೆಯುತ್ತದೆಂದ. ಮೂರನೆಯವನು ಹಿಂದಿನ ಚಕ್ರದ ಕೆಳಗೆ ತೂರಿಸಿ ಮೇಲೆತ್ತುವ, ಪ್ಯಾಡಾಕ್ ಸ್ಟ್ಯಾಂಡ್ ಎಂಬ ಕಬ್ಬಿಣದ ಚೌಕಟ್ಟು ತೋರಿಸಿದ. ನಾಲ್ಕನೆಯವನು ಅದರಿಂದಲೇ ತನ್ನ ಬೈಕು ಬಿದ್ದ ದೃಶ್ಯ ತೋರಿಸಿದ. ನೋಡಿದಷ್ಟೂ ಗೊಂದಲ ಹೆಚ್ಚಿತು. ಪೊರ್ಬುಗಳು ಒಂದೊಂದು ವಿಡಿಯೊ ಮುಗಿದಾಗಲೂ, "ಇವನು ಹೇಳುವುದು ಸರಿ ಉಂಟು" ಎನ್ನುತ್ತಿದ್ದರು. ಎಲ್ಲರೂ ಸರಿಯೇ.

"ನೀವು ಮಾಷ್ಟ್ರಲ್ವಾ, ಯಾವುದು ಒಳ್ಳೆಯದು ಹೇಳಿ."

"ನಾನು ಸಮಾಜ ಪಾಠದವನು, ಪೊರ್ಬುಗಳೇ."

"ಹಾಗಾದರೂ..." ಎಂದು ನಿಲ್ಲಿಸಿದರು. ಆಮೇಲೆ ಏನು ಹೇಳಲಿಕ್ಕಿದ್ದರೋ ಗೊತ್ತಿಲ್ಲ.

ಕಣ್ಣಾರೆ ನೋಡಿ ತಗೊಳ್ಳುವುದೇ ಸರಿ ಎಂದು ತೀರ್ಮಾನವಾಯಿತು. ನನ್ನ ಸ್ಕೂಟರಿನ ಹಿಂದೆ ಅವರು ಕೂತರು. ಬೈಕು ಮನೆಯಲ್ಲಿ, ಬೈಕಿನ ಜಾಕಿಗಾಗಿ ಇಬ್ಬರು ಗಂಡಸರು ಸ್ಕೂಟರಿನಲ್ಲಿ. ಉಡುಪಿಯ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರಲ್ಲಿ ಕೌಂಟರಿನ ಹಿಂದಿದ್ದವನು ಬೈಕಿನ ಭಾರವೆಷ್ಟು, ಎಂಜಿನ್ನಿನ ಅಡಿಗೆ ಚೌಕಟ್ಟಿನ ಪಟ್ಟಿ ಉಂಟೋ ಇಲ್ಲವೋ, ಸೈಲೆನ್ಸರಿನ ಕೊಳವೆ ಯಾವ ಕಡೆಯಿಂದ ಹೋಗುತ್ತದೆ ಎಂದೆಲ್ಲ ಕೇಳಿದ. ನಾವು ಪರಸ್ಪರ ಮುಖ ನೋಡಿಕೊಂಡೆವು. ಪ್ರತಿ ವಾರ ತೊಳೆಯುವ ಬೈಕಿನ ಅಡಿಯಲ್ಲಿ ಏನಿದೆಯೆಂದು ಇಬ್ಬರಿಗೂ ಹೇಳಲು ಬರಲಿಲ್ಲ. ಮನೆಗೆ ವಾಪಸು ಬಂದು, ನೆಲದ ಮೇಲೆ ಮಲಗಿ ಟಾರ್ಚು ಬಿಟ್ಟು ನೋಡಿದೆ. ಎಂಜಿನ್ನಿನ ಅಡಿಗೆ ಪಟ್ಟಿ ಇರಲಿಲ್ಲ. ಬರಿಯ ಎಂಜಿನ್ನೇ ಇತ್ತು. ಇದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ.

ಮಣಿಪಾಲದಲ್ಲಿ ದೊಡ್ಡ ದೊಡ್ಡ ಬೈಕುಗಳಿಗೆ ಸಾಮಾನು ಮಾರುವ ಒಂದು ಅಂಗಡಿಯಿದೆ. ಅಲ್ಲಿ ಮೇಜಿನಂಥ ಒಂದು ಸಾಧನ ಇತ್ತು. ಬೈಕನ್ನು ಅದರ ಮೇಲೆ ಹತ್ತಿಸಿ ಕಟ್ಟಿದರೆ, ಕಾಲಿನಿಂದ ಪೆಡಲು ಒತ್ತುತ್ತ ಹೋದಂತೆ ಬೈಕು ಎದೆಮಟ್ಟಕ್ಕೆ ಏಳುತ್ತದೆ. ಪೊರ್ಬುಗಳು ಮಗುವಿನ ಹಾಗೆ ಅದನ್ನು ಮತ್ತೆ ಮತ್ತೆ ಎತ್ತಿಸಿ ಇಳಿಸಿ ನೋಡಿದರು. ಬೆಲೆ ಕೇಳಿದರು. ಕೇಳಿ, ಅದರ ಕಂಬವನ್ನು ಒಮ್ಮೆ ಮೂಸಿ, ಹಿಂದೆ ಸರಿದರು. ಆ ಬೆಲೆಗೆ ಅವರ ಬೈಕಿನಂಥದೇ ಇನ್ನೊಂದು ಬೈಕು ಬರುತ್ತಿತ್ತು.

ಅಂಗಡಿಯವನು ಬಿಡಲಿಲ್ಲ. ಕಡಿಮೆ ಬೆಲೆಯ ಪ್ಯಾಡಾಕ್ ಸ್ಟ್ಯಾಂಡ್ ತಂದು ತೋರಿಸಿದ.

"ಇದು ತಗೊಳ್ಳಿ ಸರ್. ಗಟ್ಟಿ ಉಂಟು, ಅಲುಗುವುದಿಲ್ಲ."

"ಒಬ್ಬನೇ ಹಾಕಬಹುದಾ?" ಎಂದು ಪೊರ್ಬುಗಳು ಕೇಳಿದರು.

"ಒಬ್ಬನೇ ಆರಾಮ. ಒಂದು ಕೈಯಲ್ಲಿ ಬೈಕ್ ನೆಟ್ಟಗೆ ಹಿಡಿಯುವುದು, ಇನ್ನೊಂದು ಕೈಯಲ್ಲಿ ಇದನ್ನು ಒತ್ತುವುದು."

"ಒಂದೇ ಕೈಯಲ್ಲಿ?"

ಅಂಗಡಿಯವನು ಅರ್ಥವಾಗದೆ ನನ್ನನ್ನು ನೋಡಿದ. ಪೊರ್ಬುಗಳ ಎಡಗೈ ಜೇಬಿನಲ್ಲಿತ್ತು. ಅವರು ಅದನ್ನು ತೆಗೆದು ತೋರಿಸಲಿಲ್ಲ, ವಿವರಿಸಲೂ ಇಲ್ಲ. "ನೋಡುವ" ಎಂದು ಹೊರಗೆ ಬಂದುಬಿಟ್ಟರು.

ಆವರೆಗೆ ನಾನು, ಕಡಿಮೆ ಬೆಲೆಯ, ಬೀಳದ ಒಂದು ಜಾಕ್ ಸಿಕ್ಕರೆ ಮುಗಿಯಿತು ಎಂದು ತಿಳಿದಿದ್ದೆ. ನಾವು ಹುಡುಕುತ್ತಿದ್ದುದು ಪ್ರಪಂಚದಲ್ಲಿ ಯಾರಿಗೂ ಕರೆ ಕೊಡದೆ, ಯಾರ ಕೈಯನ್ನೂ ಸಾಲ ಕೇಳದೆ, ಒಬ್ಬ ಮನುಷ್ಯ ಒಂದೇ ಕೈಯಿಂದ ಎತ್ತಿ ನಿಲ್ಲಿಸಬಹುದಾದ ಜಾಕನ್ನು ಎಂದು ಆ ದಿನ ಗೊತ್ತಾಯಿತು.

ಆಮೇಲೆ ಆದದ್ದು ಕಾಪುವಿನ ಜಾಕಿನ ಪ್ರಕರಣ. ಅಲ್ಲಿನ ಹಳೆ ಸಾಮಾನಿನ ಅಂಗಡಿಯಲ್ಲಿ ಕಾರಿನದೊಂದು ಕತ್ತರಿ ಜಾಕ್ ಅಗ್ಗಕ್ಕೆ ಸಿಕ್ಕಿತು. ಕಾರನ್ನೇ ಎತ್ತುವುದಾದರೆ ಬೈಕು ಯಾವ ಲೆಕ್ಕ ಎಂದು ಇಬ್ಬರಿಗೂ ಅನ್ನಿಸಿತ್ತು. ಹಿಡಿಕೆ ತಿರುಗಿಸಿದರೆ ಮೇಲೇಳುತ್ತದೆ. ತಿರುಗಿಸಲು ಒಂದು ಕೈ ಸಾಕು. ಎಂಜಿನ್ನಿನ ಅಡಿಗೆ ಮರದ ಹಲಗೆ ಇಟ್ಟು, ಅದರಡಿಗೆ ಜಾಕ್ ಕೊಟ್ಟೆವು. ಪೊರ್ಬುಗಳು ಸ್ಟೂಲಿನ ಮೇಲೆ ಕೂತು ತಿರುಗಿಸತೊಡಗಿದರು.

"ನೀವು ಹಿಡಿಯುವುದು ಬೇಡ. ಸುಮ್ಮನೆ ನಿಂತುಕೊಳ್ಳಿ."

ಬೈಕು ಏಳುತ್ತ ಬಂತು. ಎಡಗಡೆ ಆಧಾರವಾಗಿದ್ದ ಸೈಡ್ ಸ್ಟ್ಯಾಂಡು ನೆಲ ಬಿಟ್ಟಿತು. ಆ ಕ್ಷಣದಲ್ಲಿ ಬೈಕಿನ ಇಡೀ ಭಾರ ಒಂದು ಗೇಣಗಲದ ಹಲಗೆಯ ಮೇಲಿತ್ತು. ಅದು ಮೆಲ್ಲಗೆ, ಯಾರೋ ಕರೆದರೆ ತಿರುಗಿ ನೋಡುವವರ ಹಾಗೆ, ಬಲಕ್ಕೆ ವಾಲಿತು. ಅವರು ಕೂತಿದ್ದದ್ದೂ ಬಲಕ್ಕೆ. ನಾನು ಹ್ಯಾಂಡಲಿಗೆ ಕೈ ಹಾಕಿದೆ, ಸಿಕ್ಕಲಿಲ್ಲ. ಅವರು ಸ್ಟೂಲಿನ ಸಮೇತ ಹಿಂದಕ್ಕೆ ಉರುಳಿದರು. ಬೈಕು ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಅಲ್ಲೇ ಒರಗಿ ನಿಂತಿತು. ಕನ್ನಡಿ ಚೂರಾಯಿತು. ಆ ಕಲ್ಲು ಅಲ್ಲಿ ಇರದಿದ್ದರೆ ಅವರ ಕಾಲು ಬೈಕಿನಡಿಗೆ ಇರುತ್ತಿತ್ತು.

ಬಾಯಿ ಒದ್ದೆ ಕೈಯಲ್ಲೇ ಓಡಿ ಬಂದರು. ಮೊದಲು ಕೊಂಕಣಿಯಲ್ಲಿ ಗಂಡನಿಗೆ ಬೈದರು, ಆಮೇಲೆ ಕನ್ನಡದಲ್ಲಿ ನನಗೆ.

"ಮಾಷ್ಟ್ರೇ, ನಿಮಗಾದರೂ ಬುದ್ಧಿ ಬೇಡವಾ? ಇನ್ನೊಮ್ಮೆ ಇವರನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗ್ಲಿಕ್ಕೆ ನನ್ನಿಂದ ಸಾಧ್ಯ ಇಲ್ಲ. ಮಾರಿಬಿಡಿ ಅದನ್ನು. ಬೇಡ ನಮಗೆ."

ಪೊರ್ಬುಗಳು ನೆಲದ ಮೇಲೆ ಕೂತೇ ಇದ್ದರು. ಎಬ್ಬಿಸಲು ಹೋದ ನನ್ನ ಕೈಯನ್ನು ಹಿಡಿಯಲಿಲ್ಲ. ಕಲ್ಲಿಗೆ ಆತುಕೊಂಡು, ಬಹಳ ಹೊತ್ತು ತಗೊಂಡು, ತಾವೇ ಎದ್ದರು.

ಬೈಕು ಅಂಗಳದಲ್ಲೇ ಉಳಿಯಿತು, ಮೇಲೆ ಟಾರ್ಪಾಲು ಬಿತ್ತು. ಭಾನುವಾರದ ಕರೆ ನಿಂತಿತು. ಅವರು ಅಂಗಳಕ್ಕೆ ಬರುವುದನ್ನೇ ಬಿಟ್ಟರು. ಜಗಲಿಯಲ್ಲಿ ಕೂತರೂ ಕುರ್ಚಿಯ ಮುಖ ಗೋಡೆಗೆ. ಎಡಗೈಗೆಂದು ಹೇಳಿಕೊಟ್ಟಿದ್ದ ವ್ಯಾಯಾಮವನ್ನೂ ಬಿಟ್ಟಿದ್ದಾರೆಂದು ಬಾಯಿ ಶೋಭಾಳ ಹತ್ತಿರ ಹೇಳಿದರಂತೆ. ಮೀನಿನವಳು ಬಂದು ಗೇಟಿನಲ್ಲಿ ಕೂಗಿದರೂ ಮೂಗು ಎತ್ತುತ್ತಿರಲಿಲ್ಲ. ನಾನು ಮೆಟ್ಟಿಲಿಳಿಯುವಾಗ "ಹೇಗಿದ್ದೀರಿ?" ಎಂದರೆ "ಉಂಟು" ಎನ್ನುವರು. ಅಷ್ಟೆ. ನಾನೇ ಹೋಗಿ ಕೂರಬೇಕಿತ್ತೋ, ಅವರಿಗೆ ನನ್ನ ಮುಖ ನೋಡುವುದು ಬೇಡವಾಗಿತ್ತೋ ಎಂದು ತಿಳಿಯದೆ ದಿನ ಕಳೆದೆ.

ಒಂದು ಸಂಜೆ ಬಾಯಿಯೇ ಮೆಟ್ಟಿಲಿನ ಬುಡದಲ್ಲಿ ನನ್ನನ್ನು ತಡೆದರು.

"ಆ ಜಾಕ್ ಎಂತ ಆಯ್ತು ಮಾಷ್ಟ್ರೇ?"

"ನೀವೇ ಬೇಡ ಅಂದಿರಲ್ವಾ ಬಾಯಿ?"

"ನಾನು ಬೇಡ ಅಂದದ್ದು ಅವರು ಬೀಳುವುದು ಬೇಡ ಅಂತ. ಈಗ ನೋಡಿ, ಕೂತಲ್ಲೇ ಬೀಳ್ತಾ ಇದ್ದಾರೆ."

ಅವರೇ ಹೋಗಿ ಟಾರ್ಪಾಲು ಎತ್ತಿದರು. ಬೈಕಿನ ಸುತ್ತ ಒಂದು ಸುತ್ತು ಬಂದರು. ಆ ಬೈಕನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದು ನಾನು ಕಂಡಂತೆ ಅದೇ ಮೊದಲು.

"ಇದು ಈಗ ಬೀಳದೆ ನಿಂತದ್ದು ಯಾವುದರ ಮೇಲೆ?"

"ಎಡಗಡೆ ಸೈಡ್ ಸ್ಟ್ಯಾಂಡ್ ಉಂಟಲ್ವಾ, ಅದರ ಮೇಲೆ."

"ಹಾಗಾದರೆ ಅದು ಹಾಗೇ ಇರಲಿ. ಅದನ್ನು ಯಾಕೆ ನೆಲದಿಂದ ಬಿಡಿಸುವುದು ನೀವು? ಈ ಕಡೆಯಿಂದ ಹಿಂದಿನ ಚಕ್ರಕ್ಕೆ ಇನ್ನೊಂದು ಕಾಲು ಕೊಟ್ಟರೆ ಸಾಕಲ್ವಾ? ಚಕ್ರ ತಿರುಗಿದರೆ ಆಯ್ತಲ್ವಾ ಅವರಿಗೆ?"

ನನಗೆ ಕೂಡಲೇ ಅರ್ಥವಾಗಲಿಲ್ಲ. ಇಷ್ಟು ದಿನ ನಾವು ಇಡೀ ಬೈಕನ್ನು ಆಕಾಶಕ್ಕೆ ಎತ್ತುವ ಯೋಚನೆಯಲ್ಲಿದ್ದೆವು. ಬಾಯಿಗೆ ಬೇಕಾಗಿದ್ದದ್ದು ಒಂದು ಊರುಗೋಲು ಮಾತ್ರ.

ಅಂಥದ್ದೊಂದು ಇದೆಯೇ ಎಂದು ನಾಲ್ಕಾರು ಕಡೆ ಕೇಳಿದೆ. ಹೆಸರು ಗೊತ್ತಿಲ್ಲದ ವಸ್ತುವನ್ನು ಕೇಳುವುದು ಹೇಗೆ? ಕೈಯಲ್ಲಿ ಗಾಳಿಯಲ್ಲಿ ಚಿತ್ರ ಬರೆದು ತೋರಿಸುತ್ತಿದ್ದೆ. ಕೊನೆಗೆ ಮದುವೆಯೊಂದಕ್ಕೆ ಕಾರ್ಕಳಕ್ಕೆ ಹೋದಾಗ, ಊಟ ಮುಗಿಸಿ ಬಸ್‌ ಸ್ಟ್ಯಾಂಡಿಗೆ ನಡೆಯುವ ದಾರಿಯಲ್ಲಿದ್ದ ಬೈಕಿನ ಸಾಮಾನಿನ ಅಂಗಡಿಗೆ ಹೊಕ್ಕೆ. ನನ್ನ ಗಾಳಿಯ ಚಿತ್ರ ನೋಡಿದ ಅಂಗಡಿಯವರು ಒಳಗಿನಿಂದ ಮೊಣಕಾಲುದ್ದದ ಒಂದು ಕಬ್ಬಿಣದ ಸಾಧನ ತಂದರು. ಅಡಿಗೆ ಅಗಲವಾದ ಪಾದ, ಮೇಲೆ ರಬ್ಬರು ಹಾಕಿದ ಕೊಕ್ಕೆ, ನಡುವೆ ಒಂದು ಹಿಡಿಕೆ. ಬೈಕು ಸೈಡ್ ಸ್ಟ್ಯಾಂಡಿನ ಮೇಲಿರುವಾಗ, ಎದುರು ಬದಿಯಲ್ಲಿ, ಹಿಂದಿನ ಚಕ್ರವನ್ನು ಹಿಡಿದಿರುವ ಉದ್ದನೆಯ ತೋಳಿಗೆ ಕೊಕ್ಕೆ ಕೊಟ್ಟು ಹಿಡಿಕೆ ಒತ್ತಬೇಕು. ಚಕ್ರ ಒಂದೆರಡು ಬೆರಳಿನಷ್ಟು ಏಳುತ್ತದೆ. ಮುಂದಿನ ಚಕ್ರ, ಸೈಡ್ ಸ್ಟ್ಯಾಂಡು, ಈ ಜಾಕ್, ಹೀಗೆ ಮೂರು ಕಾಲಿನ ಮೇಲೆ ಬೈಕು ನಿಲ್ಲುತ್ತದೆ.

ವಿಡಿಯೊ ಕಾಲ್ ಮಾಡಿದೆ. ಪೊರ್ಬುಗಳು ಪರದೆಯೊಳಗಿನಿಂದ ಅದನ್ನೇ ನೋಡಿದರು. ಬಾಯಿ ಅವರ ಕೈಯಿಂದ ಮೊಬೈಲು ಕಸಿದುಕೊಂಡರು.

"ಅದೇ ಮಾಷ್ಟ್ರೇ, ಅದೇ! ಒಂದು ಕೈಯಲ್ಲಿ ಆಗ್ತದಾ ಕೇಳಿ."

ಅಂಗಡಿಯವರು ತಮ್ಮದೇ ಬೈಕನ್ನು ಒಂದು ಕೈಯಿಂದ ಎತ್ತಿ ತೋರಿಸಿದರು. ಬೆಲೆ ನಾವು ಕಾಪುವಿನಲ್ಲಿ ಕಳೆದುಕೊಂಡದ್ದಕ್ಕಿಂತ ಬಹಳ ಹೆಚ್ಚೇನೂ ಇರಲಿಲ್ಲ. ಮದುವೆಯ ತಾಂಬೂಲದ ಚೀಲದ ಜೊತೆ ಜಾಕನ್ನೂ ಹಿಡಿದುಕೊಂಡು ಬಸ್ಸು ಹತ್ತಿದೆ.

ಮಾರನೆಯ ದಿನ ಅಂಗಳದಲ್ಲಿ ಪೊರ್ಬುಗಳು ಅದನ್ನು ಮೂಗಿಗೆ ಹಿಡಿದರು. ಬೈಕಿನ ಮುಂದಿನ ಬ್ರೇಕಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಅದರ ತುದಿಯನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದರು, ಬೈಕು ಮುಂದೆ ಉರುಳದ ಹಾಗೆ. ಬಾಯಿ ಬಾಗಿಲಲ್ಲಿ ನಿಂತಿದ್ದರು. ನಾನು ಎರಡು ಹೆಜ್ಜೆ ದೂರದಲ್ಲಿ, ಕೈ ಚಾಚಿದರೆ ಸಿಗುವ ಹಾಗೆ ನಿಂತೆ. ಅವರು ಕೊಕ್ಕೆ ಕೊಟ್ಟರು, ಬಲಗೈಯನ್ನು ಹಿಡಿಕೆಯ ಮೇಲಿಟ್ಟು ಮೈಭಾರ ಬಿಟ್ಟು ಒತ್ತಿದರು. ಚಕ್ರ ನೆಲ ಬಿಟ್ಟಿತು. ಎದ್ದು, ಸೀಟಿನ ಮೇಲೆ ಕೈಯಿಟ್ಟು ಬೈಕನ್ನು ಆಚೆ ಈಚೆ ದೂಡಿ ನೋಡಿದರು. ಅಲುಗಲಿಲ್ಲ.

"ಹಂದುವುದಿಲ್ಲ" ಎಂದರು ಮೆಲ್ಲಗೆ. ಆಮೇಲೆ ಬಾಯಿಯ ಕಡೆ ತಿರುಗಿ ಗಟ್ಟಿಯಾಗಿ, "ಹಂದುವುದಿಲ್ಲ!"

ಬೆರಳಿನಿಂದ ಚಕ್ರ ತಟ್ಟಿದರು. ಅದು ಸದ್ದಿಲ್ಲದೆ ತಿರುಗಿತು. ನಾವು ಮೂವರೂ ಅದು ನಿಲ್ಲುವವರೆಗೆ ನೋಡಿದೆವು. ಆಮೇಲೆ ಅವರು ಸ್ಟೂಲು ಎಳೆದು ಕೂತು, ಬ್ರಷ್ಷು ಅದ್ದಿ, ನನ್ನ ಕಡೆ ನೋಡಿ ಹೇಳಿದರು: "ಇನ್ನು ನೀವು ಹೋಗಬಹುದು ಮಾಷ್ಟ್ರೇ."

ಮೇಲೆ ಬಂದೆ. ಗ್ರೀಸಿನ ಪಂಚೆ ಬಿಚ್ಚಿ ಮೂಲೆಗೆ ಹಾಕಿದೆ.

"ಇನ್ನು ಭಾನುವಾರ ನಿಮಗೆ ಆರಾಮ" ಎಂದಳು ಶೋಭಾ.

"ಹೌದು" ಎಂದೆ. ಪೇಪರು ಓದಲು ಕೂತೆ. ಒಂದೇ ಸುದ್ದಿಯನ್ನು ಎರಡು ಸಲ ಓದಿ ಎದ್ದು ಕಿಟಕಿಗೆ ಹೋದೆ. ಕೆಳಗೆ ಅವರ ಬೆನ್ನು ಕಾಣುತ್ತಿತ್ತು. ಒಮ್ಮೆಯೂ ತಲೆಯೆತ್ತಲಿಲ್ಲ.

ಹಾಗೆ ಕೆಲವು ವಾರ ಹೋದವು. ಒಂದು ಭಾನುವಾರ ಮತ್ತೆ "ಮಾಷ್ಟ್ರೇ, ಒಂದು ನಿಮಿಷ" ಎಂದು ಕೇಳಿಸಿ, ಜಾಕ್ ಕೈಕೊಟ್ಟಿತೇ ಎಂದು ಎರಡೆರಡು ಮೆಟ್ಟಿಲು ದಾಟಿ ಇಳಿದೆ. ಬೈಕು ಆಗಲೇ ಜಾಕಿನ ಮೇಲೆ ಗಟ್ಟಿಯಾಗಿ ನಿಂತಿತ್ತು. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು.

"ಎಂತ ಮಾಡಬೇಕು?"

"ಎಂತ ಇಲ್ಲ. ಕೂತುಕೊಳ್ಳಿ."

ಕೂತೆ. ಅವರು ಚೈನು ಉಜ್ಜಿದರು. ಬಾಯಿ ಚಹಾ ತಂದುಕೊಟ್ಟರು. ಏನಾದರೂ ಹೇಳಲಿಕ್ಕಿದೆಯೇನೋ ಎಂದು ಕಾದೆ. ಹೇಳಲಿಲ್ಲ. ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ ಕೇಳಿ, ನಿಲ್ಲಿಸಿ, "ಆಯ್ತು" ಎಂದರು. ಆವತ್ತಿನಿಂದ ಪ್ರತಿ ಭಾನುವಾರ ಕುರ್ಚಿ ಇರುತ್ತಿತ್ತು. ನನಗೆ ಕೆಲಸವಿರಲಿಲ್ಲ. ಅವರಿಗೆ ನನ್ನಿಂದ ಏನು ಬೇಕಿತ್ತೋ ನನಗೆ ಗೊತ್ತಾಗಲಿಲ್ಲ, ನಾನು ಏಕೆ ತಪ್ಪದೆ ಹೋಗುತ್ತಿದ್ದೆ ಎಂದೂ ಗೊತ್ತಿಲ್ಲ. ರಜೆಯಲ್ಲಿ ಊರಿಗೆ ಹೋದರೂ ಶನಿವಾರವೇ ಮರಳುವ ಹಾಗೆ ನೋಡಿಕೊಳ್ಳುತ್ತಿದ್ದೆ.

ಮೊನ್ನೆ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಉದ್ಯಾವರ ಅವರ ಹುಟ್ಟೂರು. ಅಲ್ಲಿಯೇ ಮಣ್ಣು ಮಾಡಿದರು.

ಬೈಕು ಮಾರುವುದೆಂದು ಬಾಯಿ ಹೇಳಿದರು. ಕಾರ್ಕಳದ ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ಒಬ್ಬರು ನೋಡಲು ಬರುವವರಿದ್ದರು. ಆ ಬೆಳಿಗ್ಗೆ ನಾನು ಅಂಗಳದಲ್ಲಿ ಬೈಕಿನ ಟಾರ್ಪಾಲು ತೆಗೆದು ಒರೆಸುತ್ತಿದ್ದೆ. ಬಾಯಿ ಜಗಲಿಯ ಮೆಟ್ಟಿಲಲ್ಲಿ ಕೂತಿದ್ದರು. ಅವರಿಗೆ ಸಮಾಧಾನದ ಮಾತು ಏನಾದರೂ ಹೇಳಬೇಕೆಂದು ಹೇಳಿದೆ:

"ಓಡಿಸ್ಲಿಕ್ಕೆ ಆಗದೆ ಒಳಗೊಳಗೇ ಎಷ್ಟು ಸಂಕಟಪಟ್ಟರೋ ಏನೋ ಬಾಯಿ. ಒಂದು ಕೈ ಹೋದದ್ದಕ್ಕೆ..."

ಬಾಯಿ ನನ್ನನ್ನೇ ನೋಡಿದರು.

"ಯಾರು?"

"ಪೊರ್ಬುಗಳು."

"ಅವರಿಗೆ ಬೈಕ್ ಓಡಿಸ್ಲಿಕ್ಕೇ ಬರ್ತಿರಲಿಲ್ಲ ಮಾಷ್ಟ್ರೇ."

"ಅಲ್ಲ, ಕೈ ಹೋಗುವುದಕ್ಕೆ ಮೊದಲು..."

"ಮೊದಲೂ ಇಲ್ಲ. ಒಮ್ಮೆ ರಜೆಯಲ್ಲಿ ಬಂದವರು ನನಗೂ ಹೇಳದೆ ಇದನ್ನು ತಗೊಂಡರು. ಉದ್ಯಾವರದ ಮೈದಾನದಲ್ಲಿ ಕಲಿಯಲಿಕ್ಕೆ ಹೋಗಿ ಮೊದಲ ದಿನವೇ ಬಿದ್ದರು. ಮತ್ತೆ ಹತ್ತಲೇ ಇಲ್ಲ. ಹೆದರಿಕೆ. ತುಕ್ಕು ಹಿಡಿಯುವುದು ಬೇಡ ಅಂತ ನನ್ನ ತಮ್ಮ ಕೆಲವು ಸಲ ಓಡಿಸಿದ್ದ, ಮತ್ತೆ ಅವನೂ ಪರದೇಶಕ್ಕೆ ಹೋದ. ಇವರು ರಜೆಯಲ್ಲಿ ಬಂದಾಗಲೆಲ್ಲ ತೊಳೆಯುವುದು, ಒರೆಸುವುದು. ಅಷ್ಟೆ."

"ಹಾಗಾದರೆ ಈ ಜಾಕ್, ಇಷ್ಟೆಲ್ಲ... ಯಾಕೆ ಬಾಯಿ?"

"ನನಗೆ ಹೇಗೆ ಗೊತ್ತಾಗಬೇಕು?" ಎಂದರು. "ನಿಮಗೆ ಗೊತ್ತುಂಟು ಅಂತ ನಾನು ಎಣಿಸಿದ್ದೆ. ಪ್ರತಿ ಭಾನುವಾರ ನೀವಲ್ವಾ ಒಟ್ಟಿಗೆ ಕೂತದ್ದು?"

ಅಷ್ಟರಲ್ಲಿ ಗೇಟಿನ ಸದ್ದಾಯಿತು.

ಬಂದವರು ನಡುವಯಸ್ಸಿನ ಸಾಧು ಮನುಷ್ಯ. ಗುಂಡಿ ಒತ್ತಿದ ಕೂಡಲೇ ಎಂಜಿನ್ ಚಾಲೂ ಆಯಿತು. ಅವರು ಚೈನು ಮುಟ್ಟಿ, ಟಯರು ಅದುಮಿ, ಮೀಟರು ನೋಡಿ, ಮತ್ತೆ ಚೈನು ಮುಟ್ಟಿ, "ಇದನ್ನು ಯಾರು ಓಡಿಸ್ತಿದ್ದದ್ದು?" ಎಂದು ಬೆರಗಿನಿಂದ ಕೇಳಿದರು. ನಾನು ಬಾಯಿಯ ಮುಖ ನೋಡಿದೆ, ಬಾಯಿ ನನ್ನ ಮುಖ ನೋಡಿದರು. ಬಂದವರು ಮತ್ತೆ ಕೇಳಲಿಲ್ಲ. ವ್ಯಾಪಾರದ ಮಾತು ಮುಗಿಯಿತು, ಕಾಗದಪತ್ರ ಎಲ್ಲ ಸರಿಯಿತ್ತು.

ಅವರು ಹೊರಡಲು ಬೈಕು ತಿರುಗಿಸಿದಾಗ ಬಾಯಿ, "ಒಂದು ನಿಮಿಷ" ಎಂದರು. ಸೀರೆಯ ನೆರಿಗೆ ಒಟ್ಟುಮಾಡಿಕೊಂಡು, ಮನೆಯ ರಬ್ಬರು ಚಪ್ಪಲಿಯಲ್ಲೇ ಹತ್ತಿರ ಹೋದರು. "ಮೇನ್ ರೋಡಿನವರೆಗೆ ನನ್ನನ್ನು ಕೂರಿಸಿಕೊಂಡು ಹೋಗಿ ಬರಬಹುದಾ?"

ಅವರು ಒಂದು ಕ್ಷಣ ಗೊಂದಲದಿಂದ ನನ್ನತ್ತ ನೋಡಿ, "ಕೂತುಕೊಳ್ಳಿ ಅಮ್ಮ" ಎಂದರು. ಬಾಯಿ ನನ್ನ ಹೆಗಲು ಹಿಡಿದು, ಒಂದು ಬದಿಗೆ ಕಾಲು ಹಾಕಿ ಹಿಂದಿನ ಸೀಟಿನಲ್ಲಿ ಕೂತರು. ಬೈಕು ಗೇಟು ದಾಟಿತು. ಓಣಿಯ ತುದಿಯಲ್ಲಿ ತಿರುಗಿ ಮರೆಯಾಯಿತು.

ಮೇನ್ ರೋಡು ಹತ್ತಿರವೇ ಇದೆ. ಇಷ್ಟು ಹೊತ್ತಿಗೆ ಬರಬೇಕಿತ್ತು ಎಂದುಕೊಂಡೆ. ಬರಲಿಲ್ಲ. ಮೇಲಿನಿಂದ ಶೋಭಾ "ಬಾಯಿ ಎಲ್ಲಿಗೆ ಹೋದದ್ದು?" ಎಂದು ಕೂಗಿದಳು. ನನಗೆ ಗೊತ್ತಿರಲಿಲ್ಲ. ಗೇಟಿನಿಂದ ರಸ್ತೆಗೆ, ರಸ್ತೆಯಿಂದ ಗೇಟಿಗೆ ಓಡಾಡಿದೆ. ಹುಡುಕಿಕೊಂಡು ಹೋಗುವುದೇ ಸರಿ ಎಂದು ಸ್ಕೂಟರಿನ ಕೀಲಿ ತೆಗೆಯುವಷ್ಟರಲ್ಲಿ ದೂರದಿಂದ ಆ ಎಂಜಿನ್ನಿನ ಸದ್ದು ಕೇಳಿಸಿತು.

ಬಾಯಿ ಇಳಿದರು. ಕೂದಲು ಕೆದರಿತ್ತು. ಮುಖ ಕೆಂಪಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಗಾಳಿಗೋ ಅಳುವಿಗೋ ಹೇಳಲಾರೆ.

"ಮಣಿಪಾಲದವರೆಗೆ ಹೋಗಿ ಬಂದೆವು" ಎಂದು ಆ ಮನುಷ್ಯ, ತಮ್ಮದೇ ತಪ್ಪೆಂಬಂತೆ, ನನಗೆ ಹೇಳಿದರು. "ಅಮ್ಮ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂದರು."

ಬಾಯಿ ಅವರಿಗೆ ಕೈಮುಗಿದು ಕಳುಹಿಸಿದರು. ಬೈಕಿನ ಸದ್ದು ಓಣಿಯಾಚೆ ಅಡಗುವವರೆಗೂ ಗೇಟು ಹಿಡಿದು ನಿಂತರು. ನಾನೂ ನಿಂತೆ.

"ಇಷ್ಟು ಚೆಂದ ಹೋಗ್ತದೆ ಅಂತ" ಎಂದರು ಆಮೇಲೆ, ರಸ್ತೆಯನ್ನೇ ನೋಡುತ್ತ, "ಅವರಿಗೇ ಗೊತ್ತಿರಲಿಲ್ಲ ಮಾಷ್ಟ್ರೇ."